ಪರದೆ ಇಲ್ಲದ ಸೀಮೆ

ಇಟ್ಟಂಗಿಹಾಳದ ಹೊಲದ ಬದುವಿನ ಮೇಲೆ ನಿಂತ ಮೊದಲ ಗಳಿಗೆಯಲ್ಲಿ, ಇಲ್ಲಿ ನೋಡುವುದಕ್ಕೇನಿದೆ ಅನ್ನಿಸುತ್ತದೆ. ಗುಡ್ಡವಿಲ್ಲ, ಅಡವಿಯಿಲ್ಲ, ಹೊಳೆಯಿಲ್ಲ. ಮಾರ್ಚ್ ತಿಂಗಳು, ಬಿಳಿಜೋಳ ಕಿತ್ತು, ರಾಶಿ ಮಾಡಿ, ಕಣಿಕಿ ಬಣವೆ ಒಟ್ಟಿ ಮುಗಿದಿದೆ. ಬರಿದಾದ ಎರೆನೆಲ ಬಾಯಿಬಿಟ್ಟಿದೆ. ಒಂದು ಬಿರುಕಿಗೆ ಕೈ ಇಳಿಸಿದರೆ ಮೊಣಕೈವರೆಗೂ ಹೋಯಿತು, ತಳ ಸಿಗಲಿಲ್ಲ; ಒಳಗಿನ ಮಣ್ಣು ಇನ್ನೂ ತಣ್ಣಗಿತ್ತು. ಪೂರ್ವದ ಅಂಚಿಗೆ ಗೋಳಗುಮ್ಮಟದ ಬೆನ್ನು ಮಸುಕಾಗಿ ಕಾಣುತ್ತದೆ. ಮಿಕ್ಕಿದ್ದೆಲ್ಲ ಆಕಾಶ.

ಮಲೆನಾಡಿನ ಕಣ್ಣು ಹೊತ್ತು ಬಂದವನಿಗೆ ಈ ಸೀಮೆ ಪಳಗಲು ಸ್ವಲ್ಪ ಹೊತ್ತು ಬೇಕು. ನಮ್ಮ ಕಡೆ ದಾರಿಯ ತಿರುವಿನಲ್ಲಿ ಮನುಷ್ಯ ತಟ್ಟನೆ ಎದುರಾಗುತ್ತಾನೆ. ಇಲ್ಲಿ ದೂರದಲ್ಲೆಲ್ಲೋ ಒಂದು ಚುಕ್ಕೆ ಹುಟ್ಟುತ್ತದೆ. ಚುಕ್ಕೆಗೆ ಪಟಗ ಬರುತ್ತದೆ, ಕೈಗೆ ಕುಡಗೋಲು ಬರುತ್ತದೆ, ನಡಿಗೆಯಲ್ಲೊಂದು ಸಣ್ಣ ಕುಂಟು ಕಾಣುತ್ತದೆ, ಕೊನೆಗೆ ಮುಖ. ಆ ಮನುಷ್ಯ ಹತ್ತಿರ ಬಂದು ‘ಯಾವೂರಾತ್ರಿ ನಿಮ್ದು?’ ಅನ್ನುವಷ್ಟರಲ್ಲಿ ಅವನ ಅರ್ಧ ಪಾತ್ರ ನಮಗೆ ಗೊತ್ತಾಗಿರುತ್ತದೆ. ಇಷ್ಟು ದೀರ್ಘವಾದ ಪ್ರವೇಶವನ್ನು ನಾನು ಯಾವ ನಾಟಕದಲ್ಲೂ ನೋಡಿರಲಿಲ್ಲ. ತಲೆಯಲ್ಲಿ ನಾಟಕವನ್ನೇ ತುಂಬಿಕೊಂಡು ಬಂದಿದ್ದರಿಂದ ಹಾಗೆ ಕಂಡಿತೋ ಏನೋ. ನಾನು ಹೊರಟಿದ್ದು ಇದೇ ವಿಜಯಪುರ ಜಿಲ್ಲೆಯ ಇನ್ನೊಂದು ಮೂಲೆಗೆ, ಇಂಡಿ ತಾಲ್ಲೂಕಿನ ಅಗರಖೇಡಕ್ಕೆ. 1904ರ ಸೆಪ್ಟೆಂಬರ್ 26ರಂದು ಅಲ್ಲಿ ಹುಟ್ಟಿದ ಆದ್ಯ ರಂಗಾಚಾರ್ಯ ಎಂಬ ಹುಡುಗ ಮುಂದೆ ಶ್ರೀರಂಗ ಎಂಬ ಹೆಸರಿನಲ್ಲಿ ಕನ್ನಡ ರಂಗಭೂಮಿಯನ್ನು ಬುಡಸಮೇತ ಅಲ್ಲಾಡಿಸಿದರು. ಇಟ್ಟಂಗಿಹಾಳದಲ್ಲಿ ಗೆಳೆಯರ ದ್ರಾಕ್ಷಿ ತೋಟವಿದೆ. ವಸತಿ ಅಲ್ಲೇ ಸಿಕ್ಕಿತು.

ತೋಟ ಅಂದೆನಲ್ಲ, ಈ ಬೋಳು ನೆಲದಲ್ಲಿ ದ್ರಾಕ್ಷಿ ಬೆಳೆಯುವುದೇ ಒಂದು ವಿಸ್ಮಯ. ತಿಕೋಟಾ, ಬಬಲೇಶ್ವರದ ಕಡೆಗೆಲ್ಲ ಹಬ್ಬಿರುವ ಈ ಬೆಳೆಗೆ ವರ್ಷಕ್ಕೆ ಎರಡು ಸಲ ಕತ್ತರಿ ಬೀಳುತ್ತದೆ. ಏಪ್ರಿಲ್ ಚಾಟ್ನಿ ಕಡ್ಡಿಗೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಫೆಬ್ರುವರಿ, ಮಾರ್ಚ್ ಬಂತೆಂದರೆ ಒಣದ್ರಾಕ್ಷಿಯ ಶೆಡ್ಡುಗಳು ತುಂಬುತ್ತವೆ. ಗೆಳೆಯರ ಶೆಡ್ಡಿನೊಳಗೆ ಹೋದೆ. ನಾಲ್ಕೂ ಕಡೆ ಗೋಡೆಯಿಲ್ಲದ ತಗಡಿನ ಚಾವಣಿ, ಅದರಡಿ ನೆಲದಿಂದ ಮೇಲಿನವರೆಗೆ ಒಂದರ ಮೇಲೊಂದು ಬಲೆ ಬಿಗಿದ ಅಂತಸ್ತುಗಳು. ಹಸಿರು ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ ಬಲೆಯ ಮೇಲೆ ಹರವುತ್ತಾರೆ. ಆ ದ್ರಾವಣ ಕಾಯಿಯ ಮೇಲಿನ ಮೇಣದ ಪೊರೆ ಬಿಡಿಸುತ್ತದೆ, ಒಳಗಿನ ನೀರಿಗೆ ಹೊರದಾರಿ ಸಿಗುತ್ತದೆ. ಉಳಿದದ್ದು ಗಾಳಿಯ ಕೆಲಸ. ಹದಿನೈದು ದಿನಕ್ಕೆಲ್ಲ ಒಣಗುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ. ಬಲೆಯ ಕೆಳಗೆ ಕೂತರೆ ಸಣ್ಣ ಹುಳಿ ವಾಸನೆ, ಮೇಲೆ ಅಂತಸ್ತು ಅಂತಸ್ತಾಗಿ ಸೋಸಿ ಬರುವ ಹಸಿರು ಬೆಳಕು.

ಶೆಡ್ಡಿನಲ್ಲಿ ಕೆಲಸಕ್ಕಿದ್ದವರಲ್ಲಿ ಒಬ್ಬ ಬಂಗಾಳದ ಹುಡುಗ, ಮಾಲ್ದಾ ಕಡೆಯವನು. ಕನ್ನಡ ಅಷ್ಟಿಷ್ಟು, ಹಿಂದಿ ಚೆನ್ನಾಗಿ. ನನ್ನ ಚೀಲದಲ್ಲಿ ಎರಡು ನಾಟಕಗಳಿದ್ದವು. ಒಂದು ಶ್ರೀರಂಗರ ‘ಕೇಳು ಜನಮೇಜಯ’, ಇನ್ನೊಂದು ಬಾದಲ್ ಸರ್ಕಾರರ ‘ಏವಂ ಇಂದ್ರಜಿತ್’. ಬಾದಲ್ ಸರ್ಕಾರರ ಹೆಸರು ಕೇಳಿದ್ದೀಯಾ ಅಂತ ಅವನನ್ನು ಕೇಳಿದೆ. ಇಲ್ಲ ಅಂದ. ಆದರೆ ನಾಟಕ ಅಂದ ಕೂಡಲೆ ಮುಖ ಅರಳಿತು. ಅವರ ಊರಿನ ಜಾತ್ರಾ ಆಟಗಳನ್ನು, ಚಳಿಗಾಲದ ರಾತ್ರಿ ನಾಲ್ಕೂ ದಿಕ್ಕಿಗೆ ಜನ ಕೂತು ನಡುವೆ ಆಟ ಆಗುವುದನ್ನು ಕೈಬಾಯಿ ಎರಡರಿಂದಲೂ ವರ್ಣಿಸಿದ. ರಾಣಿಯ ಅಳು ಹೇಗಿರುತ್ತದೆಂದು ಒಂದು ಸಲ ಅತ್ತೂ ತೋರಿಸಿದ. ಪಕ್ಕದಲ್ಲಿ ಹಣ್ಣು ಹರವುತ್ತಿದ್ದ ಇಲ್ಲಿನ ಹೆಂಗಸು ನಕ್ಕು, ‘ನಮ್ಮ ಪಾರಿಜಾತದಾಗ ಸತ್ಯಭಾಮಾನೂ ಹಿಂಗ ಅಳತಾಳ್ರಿ’ ಅಂದಳು. ಶ್ರೀರಂಗ ಅಂದರೆ ಯಾರೆಂದು ಆಕೆಯನ್ನೂ ಕೇಳಿದೆ. ‘ಯಾ ದೇವರ್ರಿ ಅದು?’

ಆ ಉತ್ತರ ಕೇಳಿ ನನಗೆ ಬೇಸರವೇನೂ ಆಗಲಿಲ್ಲ. ಕೋಲ್ಕತ್ತದ ಬಾದಲ್ ಸರ್ಕಾರ ಮಾಲ್ದಾದ ಹುಡುಗನಿಗೆ ಗೊತ್ತಿಲ್ಲ, ಅಗರಖೇಡದ ಶ್ರೀರಂಗ ಇಟ್ಟಂಗಿಹಾಳದ ಹೆಣ್ಣುಮಗಳಿಗೆ ಗೊತ್ತಿಲ್ಲ. ಇಬ್ಬರಿಗೂ ಆಟ ಗೊತ್ತು. ಪುಸ್ತಕದ ನಾಟಕಕಾರರು ಇಬ್ಬರೂ ಹುಡುಕುತ್ತಿದ್ದದ್ದು ಇಂಥ ಪ್ರೇಕ್ಷಕರನ್ನೇ ಅಂತ ಅನ್ನಿಸಿ ಮೈ ಝುಂ ಅಂದಿತು.

ಮರುದಿನ ಬೆಳಿಗ್ಗೆ ಮೊದಲು ತೊರವಿ. ಇಟ್ಟಂಗಿಹಾಳದಿಂದ ಹತ್ತಿರವೇ. ಕುಮಾರ ವಾಲ್ಮೀಕಿ ಇಲ್ಲಿನ ನರಸಿಂಹನನ್ನು ನೆನೆದು ಭಾಮಿನಿ ಷಟ್ಪದಿಯಲ್ಲಿ ಬರೆದ ತೊರವೆ ರಾಮಾಯಣದಿಂದ ಈ ಹಳ್ಳಿಯ ಹೆಸರು ಕನ್ನಡದಲ್ಲಿ ನಿಂತಿತು. ಅದೇ ನೆಲದ ಮೇಲೆ 1599ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ನವರಸಪುರ ಎಂಬ ಹೊಸ ಪಟ್ಟಣ ಕಟ್ಟಲು ಹೊರಟ. ಸುಲ್ತಾನನೊಬ್ಬ ನವರಸಗಳ ಹೆಸರಲ್ಲಿ ಊರು ಕಟ್ಟುವುದು, ‘ಕಿತಾಬ್-ಎ-ನೌರಸ್’ ಎಂಬ ಹಾಡಿನ ಪುಸ್ತಕ ಬರೆಯುವುದು, ಅದರಲ್ಲಿ ಸರಸ್ವತಿ ಗಣಪತಿಯರನ್ನು ನೆನೆಯುವುದು, ಪ್ರಜೆಗಳಿಂದ ಜಗದ್ಗುರು ಅನ್ನಿಸಿಕೊಳ್ಳುವುದು, ಇದೆಲ್ಲ ಈ ಬಯಲಲ್ಲೇ ನಡೆಯಿತು. 1624ರಲ್ಲಿ ಮಲಿಕ್ ಅಂಬರ್‌ನ ದಂಡು ಬಂದು ಊರನ್ನು ಲೂಟಿ ಮಾಡಿತು. ಕಟ್ಟಿ ಕಾಲು ಶತಮಾನ ಆಗಿತ್ತಷ್ಟೇ.

ಉಳಿದದ್ದರಲ್ಲಿ ದೊಡ್ಡದು ಸಂಗೀತ ಮಹಲು. ವಿಜಯಪುರ ನಗರದ ಗಗನ ಮಹಲಿನ ಮಾದರಿಯಲ್ಲೇ ನಡುವೆ ಒಂದು ಅಗಲವಾದ ಕಮಾನು, ಎರಡು ಪಕ್ಕಕ್ಕೂ ಕಿರಿದಾದವು. ಚಾವಣಿ ಹೋಗಿದೆ. ಕಮಾನಿನ ಎದುರು ನಿಂತವರಿಗೆ ಹಿಂದುಗಡೆಯ ಆಕಾಶ ಆ ಚೌಕಟ್ಟಿನೊಳಗೆ ಕಾಣುತ್ತದೆ. ಪರದೆ ಎತ್ತಿ ಆಗಿದೆ, ನಟರು ಇನ್ನೂ ಬಂದಿಲ್ಲ. ಆಡುಗಳು ಮಾತ್ರ ಬಲಗಡೆಯಿಂದ ಪ್ರವೇಶಿಸಿ ಎಡಗಡೆಯಿಂದ ನಿರ್ಗಮಿಸಿದವು. ಗೋಳಗುಮ್ಮಟದ ಪಿಸುಮಾತಿನ ಬಗ್ಗೆ ಬರೆಯದ ಪ್ರವಾಸಿಗನಿಲ್ಲ. ಈ ಮಹಲಿನ ಮುಂದೆ ನಾನು ನಿಂತ ಅಷ್ಟು ಹೊತ್ತೂ ಒಬ್ಬ ಪ್ರವಾಸಿಯೂ ಬರಲಿಲ್ಲ. ವಿಜಯಪುರಕ್ಕೆ ಹೋದವರು ಗುಮ್ಮಟದಲ್ಲಿ ಕೂಗಿ ವಾಪಸಾಗದೆ ಪಶ್ಚಿಮಕ್ಕೆ ಈ ಕೆಲವು ಮೈಲಿ ಬರಬೇಕು ಅಂತ ನನ್ನ ಮಾತು.

ವಿಜಯಪುರ ದಾಟಿ ಸೊಲ್ಲಾಪುರ ಹೆದ್ದಾರಿ ಹಿಡಿದೆ. ಹೊರ್ತಿ, ಆಮೇಲೆ ಝಳಕಿ. ದಾರಿ ಉದ್ದಕ್ಕೂ ನನ್ನ ಜೊತೆ ಇದ್ದದ್ದು ಶ್ರೀರಂಗರ ಬದುಕಿನ ಲೆಕ್ಕ. ಭೀಮಾತೀರದ ವೈದಿಕ ಮನೆತನದ ಹುಡುಗ ಪುಣೆಯ ಡೆಕ್ಕನ್ ಕಾಲೇಜಿಗೆ ಹೋದರು, ಅಲ್ಲಿಂದ ಲಂಡನ್ನಿಗೆ. ಸಂಸ್ಕೃತ ಓದಲಿಕ್ಕೆ ಲಂಡನ್! ಕಾಲದ ವಿಚಿತ್ರ ಅದು. 1928ರಲ್ಲಿ ತಿರುಗಿ ಬಂದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾದರು. ಸುಮಾರು 20 ವರ್ಷ ಭಾಸ, ಕಾಳಿದಾಸರನ್ನು ಪಾಠ ಹೇಳುತ್ತ, ಬಿಡುವಿನಲ್ಲಿ ಆ ಪಾಠ ಕೇಳುವ ಸಭ್ಯ ಸಮಾಜದ ಬಣ್ಣ ಬಯಲು ಮಾಡುವ ನಾಟಕ ಬರೆದರು. 1930ರ ‘ಉದರ ವೈರಾಗ್ಯ’ದಿಂದ ಶುರುವಾದದ್ದು. ‘ಹರಿಜನ್ವಾರ’ದಲ್ಲಿ ಜಾತಿಯ ಕಪಟವನ್ನು ರಂಗದ ಮೇಲೆ ತಂದು ನಿಲ್ಲಿಸಿದರು. ಸ್ವಾತಂತ್ರ್ಯ ಬಂದು ಐದಾರು ವರ್ಷಕ್ಕೆಲ್ಲ ‘ಶೋಕಚಕ್ರ’ ಬರೆದರು, ಹೆಸರೇ ಸಾಕು. ಜೀವಮಾನದಲ್ಲಿ 40ಕ್ಕೂ ಮಿಕ್ಕಿ ದೊಡ್ಡ ನಾಟಕ, 60ಕ್ಕೂ ಮಿಕ್ಕಿ ಏಕಾಂಕ. ಜೊತೆಗೆ ಕಾದಂಬರಿಗಳು, ಅದರಲ್ಲೂ ‘ವಿಶ್ವಾಮಿತ್ರನ ಸೃಷ್ಟಿ’. ಕನ್ನಡದಲ್ಲಿ ನವ್ಯ ಎಂಬ ಮಾತು ಚಲಾವಣೆಗೆ ಬರುವ ಎಷ್ಟೋ ಮೊದಲೇ ಮನಸ್ಸಿನ ಒಳಗಿಳಿದು ಕತೆ ಹೇಳಲು ನೋಡಿದ ಕೃತಿ.

ಅವರು ಬರೆಯಲು ಕೂತ ಕಾಲದ ಉತ್ತರ ಕರ್ನಾಟಕದ ರಂಗಭೂಮಿಯನ್ನು ನೆನೆಸಿಕೊಳ್ಳಬೇಕು. ಕಂಪನಿ ನಾಟಕಗಳ ವೈಭವದ ದಿನಗಳು. ಒಂದರ ಹಿಂದೊಂದು ಇಳಿಯುವ ಬಣ್ಣದ ಪರದೆ: ಅರಮನೆ, ಉದ್ಯಾನ, ಬೀದಿ, ಅಡವಿ. ಹಾರ್ಮೋನಿಯಂ, ತಬಲಾ, ಒನ್ಸ್‌ಮೋರ್. ಮಾತಿನ ನಡುವೆ ಹಾಡು ಬಂದರೆ ಸತ್ತವನೂ ಎದ್ದು ಎರಡನೇ ಸಲ ಹಾಡಿ ಮತ್ತೆ ಸಾಯಬೇಕು. ನನಗೆ ಆ ರಂಗಭೂಮಿಯ ಮೇಲೆ ಪ್ರೀತಿಯಿದೆ. ಗರುಡ ಸದಾಶಿವರಾಯರ, ಏಣಗಿ ಬಾಳಪ್ಪನವರ ಬಗ್ಗೆ ಹಿರಿಯರು ಹೇಳಿದ್ದನ್ನು ಕೇಳಿಯೇ ಬೆಳೆದವನು. ಆದರೂ ಆ ಪರದೆಗಳ ಹಿಂದೆ ಅಡಗಿದ್ದದ್ದು ಏನು ಅಂತ ಕೇಳಿದವರು ಮೈಸೂರು ಸೀಮೆಯಲ್ಲಿ ಕೈಲಾಸಂ, ಈ ಕಡೆ ಶ್ರೀರಂಗ. ಕೈಲಾಸಂ ನಗಿಸಿ ಬಿಟ್ಟುಬಿಡುತ್ತಾರೆ. ಶ್ರೀರಂಗರು ನಗಿಸುತ್ತಲೇ ಕುತ್ತಿಗೆ ಹಿಡಿಯುತ್ತಾರೆ. ಅವರ ಪಾತ್ರಗಳು ಮಾತಾಡುತ್ತವೆ, ವಾದಿಸುತ್ತವೆ, ಅತಿಯಾಗಿ ವಾದಿಸುತ್ತವೆ ಎಂಬ ಆಕ್ಷೇಪಣೆಯೂ ಇದೆ. ಅದರಲ್ಲಿ ಹುರುಳಿಲ್ಲದಿಲ್ಲ. ಕೆಲವು ನಾಟಕಗಳು ಇವತ್ತು ಓದಿದರೆ ಸಂಪಾದಕೀಯ ಓದಿದ ಹಾಗಾಗುತ್ತದೆ.

ಹಾಗಾಗದೆ ಉಳಿದದ್ದು ಕೊನೆಯ ಘಟ್ಟದ ನಾಟಕಗಳು. ‘ಕತ್ತಲೆ ಬೆಳಕಿ’ನಲ್ಲಿ ನಾಟಕವೇ ನಾಟಕದ ವಸ್ತು. 1960ರ ‘ಕೇಳು ಜನಮೇಜಯ’ದಲ್ಲಿ ಸೂತ್ರಧಾರ ನಿಮ್ಮ ಕಡೆ ತಿರುಗಿ ಮಾತಾಡುತ್ತಾನೆ. ವೈಶಂಪಾಯನ ಜನಮೇಜಯನಿಗೆ ಭಾರತದ ಕತೆ ಹೇಳಿದ. ಕನ್ನಡಿಗರಿಗೆ ‘ಕೇಳು ಜನಮೇಜಯ’ ಎಂಬುದು ಕುಮಾರವ್ಯಾಸನ ಗಮಕದಿಂದ ಕಿವಿಗೆ ಹೊಕ್ಕ ಸಂಬೋಧನೆ. ಶ್ರೀರಂಗರು ಆ ಸಂಬೋಧನೆಯನ್ನು ಎತ್ತಿಕೊಂಡು ಸ್ವತಂತ್ರ ಭಾರತದ ಕತೆಯನ್ನು ಹೇಳಿದರು. ಜನಮೇಜಯನ ಜಾಗದಲ್ಲಿ ಕೂತವರು ಟಿಕೆಟ್ ಕೊಂಡು ಬಂದ ನಾವು. ಕನಸು ಕಂಡವರು, ಕನಸನ್ನು ಮಾರಿಕೊಂಡವರು, ಸುಮ್ಮನೆ ನೋಡಿದವರು ಎಲ್ಲ ಅಲ್ಲಿದ್ದಾರೆ. ಆ ನಾಟಕ ಆಡಲಿಕ್ಕೆ ಅರಮನೆಯೂ ಬೇಡ, ಉದ್ಯಾನವೂ ಬೇಡ. ಬರಿ ನೆಲ, ನಾಲ್ಕಾರು ನಟರು, ಒಂದಿಷ್ಟು ಬೆಳಕು. ‘ಸುನೋ ಜನಮೇಜಯ’ ಎಂಬ ಹೆಸರಲ್ಲಿ ಹಿಂದಿಗೆ ಹೋಗಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ರಂಗವನ್ನೂ ಹತ್ತಿತು.

ಬಾದಲ್ ಸರ್ಕಾರರ ಪುಸ್ತಕವನ್ನು ಅದರ ಜೊತೆಗೆ ಇಟ್ಟುಕೊಂಡು ಬಂದದ್ದು ಇದಕ್ಕೇ. 1925ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ ಅವರು ಓದಿದ್ದು ಸಿವಿಲ್ ಎಂಜಿನಿಯರಿಂಗ್, ದುಡಿದದ್ದು ನಗರ ಯೋಜಕರಾಗಿ. ‘ಏವಂ ಇಂದ್ರಜಿತ್’ ಬರೆದದ್ದು 1963ರಲ್ಲಿ. ಅಲ್ಲೂ ಒಬ್ಬ ಲೇಖಕ ರಂಗದ ಮೇಲೆ ನಿಂತು ನಾಟಕ ಬರೆಯಲಾಗದೆ ಒದ್ದಾಡುತ್ತಾನೆ, ಪ್ರೇಕ್ಷಕರ ನಡುವಿನಿಂದಲೇ ನಾಲ್ಕು ಜನರನ್ನು ಕರೆಯುತ್ತಾನೆ. ಅಮಲ್, ವಿಮಲ್, ಕಮಲ್. ನಾಲ್ಕನೆಯವನು ಅಂಜಿಕೊಂಡು ನಿರ್ಮಲ್ ಅನ್ನುತ್ತಾನೆ. ಅವನ ನಿಜವಾದ ಹೆಸರು ಇಂದ್ರಜಿತ್. ಎಲ್ಲರಂತೆ ಇರಲಾರದವನು ಎಲ್ಲರಂತೆ ಇರುವ ಹೆಸರು ಹೇಳಿಕೊಳ್ಳುವ ಆ ಕ್ಷಣ ಒಂದು ತಲೆಮಾರಿನ ಓದುಬರಹದ ಯುವಕರನ್ನು ಬೆಚ್ಚಿಬೀಳಿಸಿತು. ಗಿರೀಶ ಕಾರ್ನಾಡರು ಅದನ್ನು ಇಂಗ್ಲಿಷಿಗೆ ತಂದರು, ಕನ್ನಡದಲ್ಲೂ ಅದು ರಂಗಕ್ಕೆ ಬಂತು. ಅಲ್ಲಿಗೇ ನಿಲ್ಲದೆ ಬಾದಲ್ ಸರ್ಕಾರ ಚೌಕಟ್ಟಿನ ರಂಗಮಂದಿರವನ್ನೇ ತೊರೆದರು. ತಮ್ಮ ಶತಾಬ್ದಿ ತಂಡ ಕಟ್ಟಿಕೊಂಡು ಅಂಗಳಕ್ಕೆ, ಬೀದಿಗೆ, ಹಳ್ಳಿಗೆ ಹೋದರು. ಮೂರನೇ ರಂಗಭೂಮಿ ಅಂದರು ಅದಕ್ಕೆ. ದೀಪ, ಪರದೆ, ವೇಷ, ಕೊನೆಗೆ ಟಿಕೆಟನ್ನೂ ಕಳಚಿದರು.

1972ರಲ್ಲಿ ಈ ಇಬ್ಬರಿಗೂ ಕೇಂದ್ರ ಸರ್ಕಾರದ ಗೌರವ ಸಿಕ್ಕಿತು: ಶ್ರೀರಂಗರಿಗೆ ಪದ್ಮಭೂಷಣ, ಬಾದಲ್ ಸರ್ಕಾರರಿಗೆ ಪದ್ಮಶ್ರೀ. ದೇಶದ ಹೊಸ ನಾಟಕದ ಮಾತು ಬಂದಾಗ ಮೋಹನ ರಾಕೇಶ, ವಿಜಯ ತೆಂಡೂಲ್ಕರ್, ಬಾದಲ್ ಸರ್ಕಾರ, ಕಾರ್ನಾಡ ಎಂಬ ನಾಲ್ಕು ಹೆಸರು ಒಂದೇ ಉಸಿರಿನಲ್ಲಿ ಬರುತ್ತವೆ. ‘ಏವಂ ಇಂದ್ರಜಿತ್’ಗಿಂತ ಮೂರು ವರ್ಷ ಮುಂಚೆ, 56ರ ವಯಸ್ಸಿನ ಹೊತ್ತಿಗೆ, ಸೂತ್ರಧಾರನನ್ನು ಹೊಸ ಕಾಲದ ಎದುರು ತಂದು ನಿಲ್ಲಿಸಿದ ಹಿರಿಯರನ್ನು ಆ ಪಟ್ಟಿಯ ಬಾಗಿಲಲ್ಲಿ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಅವರು ಆ ನಾಲ್ವರ ತಲೆಬಾಗಿಲು ತೆರೆದವರು.

ಝಳಕಿಯಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ಹೋದರೆ ಚಡಚಣ, ಬಲಕ್ಕೆ ಇಂಡಿ. ಚಹಾಕ್ಕೆ ನಿಂತೆ. ಇಡೀ ಪ್ರವಾಸದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ ಜಾಗ ಇದು. ನೋಡಲಿಕ್ಕೆ ನಾಲ್ಕು ಹೋಟೆಲು, ಒಂದು ಪಂಕ್ಚರ್ ಅಂಗಡಿ, ಜೋಳದ ಮೇವು ಹೇರಿದ ಟ್ರ್ಯಾಕ್ಟರು. ಚಡಚಣ ಸಿಂಪಿ ಲಿಂಗಣ್ಣನವರ ಊರು. ಅದೇ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಧೂಲಾಸಾಹೇಬ, ಕಾಪಸೆ ರೇವಪ್ಪ, ಸಿಂಪಿ ಲಿಂಗಣ್ಣ ಸೇರಿ ಹಲಸಂಗಿ ಗೆಳೆಯರಾದರು. ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಬರೆದುಕೊಂಡು ‘ಗರತಿಯ ಹಾಡು’ ಮಾಡಿದರು, ಅದು 1931. ಆಮೇಲೆ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’. ಸುತ್ತ ಬರ, ಗುಳೆ. ಅದರ ನಡುವೆ ಈ ರೈತ, ಮಾಸ್ತರ ಮಕ್ಕಳು ಹಾಡಿನ ಬೀಜ ಆರಿಸಿ ಇಟ್ಟರು. ವಿಜಯಪುರ ನಗರದಲ್ಲಿ ಅದೇ ಕಾಲಕ್ಕೆ ವಕೀಲ ಫ.ಗು. ಹಳಕಟ್ಟಿಯವರು ವಚನದ ತಾಡವೋಲೆಗಳಿಗಾಗಿ ಮನೆಮನೆ ತಿರುಗುತ್ತಿದ್ದರು. 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ, ಆಮೇಲೆ ತಮ್ಮದೇ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ.

ಹಲಸಂಗಿಗೂ ಬಂಗಾಳದ ಕಿಟಕಿ ಇತ್ತು. ಮಧುರಚೆನ್ನರು ಅರವಿಂದರ ಅನುಯಾಯಿ. ಕೋಲ್ಕತ್ತದಲ್ಲಿ ಹುಟ್ಟಿ ಪುದುಚೇರಿಯಲ್ಲಿ ನೆಲೆ ನಿಂತ ಅರವಿಂದರ ದರ್ಶನಕ್ಕಾಗಿ ಭೀಮಾತೀರದ ಈ ಕವಿ ಅಲ್ಲಿಯವರೆಗೂ ಹೋದರು. ಅದಕ್ಕೂ ಎಷ್ಟೋ ಮುಂಚೆ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದು ಮನೆಮನೆಗೆ ತಲುಪಿಸಿ ಆಗಿತ್ತು. ಹೀಗೆ ಬಂಗಾಳ ನಮ್ಮಲ್ಲಿಗೆ ಕಾದಂಬರಿಯಾಗಿ ಬಂತು, ಯೋಗವಾಗಿ ಬಂತು, ಕಡೆಗೆ ಬೀದಿಯ ನಾಟಕವಾಗಿಯೂ ಬಂತು.

ಆಗ ಒಂದೇ ತಾಲ್ಲೂಕು, ಒಂದೇ ಹೊಳೆ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಜನ. ಒಂದು ಕವಲಿನಲ್ಲಿ ಮಧುರಚೆನ್ನ, ಹಾಡಿನ ಒಳಗೆ ಕರಗಬಯಸಿದವರು. ಇನ್ನೊಂದರಲ್ಲಿ ಶ್ರೀರಂಗ, ಹಾಡನ್ನು ನಿಲ್ಲಿಸಿ ಮಾತಾಡಿ ಅಂದವರು. ಚಹಾದಂಗಡಿಯವರಿಗೆ ಮಧುರಚೆನ್ನರ ಹೆಸರು ಗೊತ್ತಿತ್ತು, ಗರತಿ ಹಾಡಿನ ನಾಲ್ಕು ಸಾಲನ್ನೂ ಗುನುಗಿದರು. ಶ್ರೀರಂಗರ ಹೆಸರು ಹೇಳಿದಾಗ ‘ಧಾರವಾಡದವರಲ್ಲೇನ್ರಿ ಅವರು?’ ಅಂದರು. ನೋವಾಗುವಂಥ ಮಾತೇನಲ್ಲ. ಹಾಡು ಬಾಯಿಂದ ಬಾಯಿಗೆ ತಾನೇ ದಾಟುತ್ತದೆ. ವಾದ ಮಾಡುವ ನಾಟಕ ಉಳಿಯಬೇಕಾದರೆ ಪ್ರತಿ ಸಲ ಯಾರೋ ಮತ್ತೆ ಮೈಮೇಲೆ ಹಾಕಿಕೊಂಡು ಆಡಬೇಕು.

ಇಂಡಿ ಊರಿಗೆ ಲಿಂಬೆಯ ವಾಸನೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಲಿಂಬೆ ಇದು. ಮಾರುಕಟ್ಟೆಯ ಕಲ್ಲುಹಾಸಿನ ಮೇಲೆ ಹಳದಿ ರಾಶಿಗಳು, ಕೂಗು, ಚೀಲ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಉತ್ತರಕ್ಕೆ ತಿರುಗಿದೊಡನೆ ನೆಲ ಬದಲಾಗತೊಡಗಿತು. ಕಬ್ಬು ಕಾಣಿಸಿತು, ಕಬ್ಬಿನ ಹಿಂದೆ ಹೊಳೆಯಿದೆ ಎಂದು ಅರ್ಥ. ರಸ್ತೆ ಬದಿಯ ಫಲಕಗಳ ಕನ್ನಡದಲ್ಲಿ ಮರಾಠಿಯ ಉಸಿರು ಸೇರತೊಡಗಿತು. ಸೊಲ್ಲಾಪುರ, ಅಕ್ಕಲಕೋಟೆಯ ಕಡೆಗೆ ಹೆಣ್ಣು ಕೊಟ್ಟು ತಂದ ಊರುಗಳು ಇವು. ಶ್ರೀರಂಗರ ಮನೆಯೂ ಹಾಗೇ ಇತ್ತು: ಅವರು ಕನ್ನಡ, ಹೆಂಡತಿಯ ತವರು ಪುಣೆಯ ಮರಾಠಿ, 1938ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮಗಳು ಶಶಿ ದೇಶಪಾಂಡೆ ಇಂಗ್ಲಿಷಿನಲ್ಲಿ ಬರೆದು ಹೆಸರಾದರು. ‘ದಟ್ ಲಾಂಗ್ ಸೈಲೆನ್ಸ್’ ಕಾದಂಬರಿಗೆ 1990ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ತಂದೆಗೆ ಅದೇ ಪ್ರಶಸ್ತಿ 1971ರಲ್ಲಿ ಬಂದಿತ್ತು, ‘ಕಾಳಿದಾಸ’ ಎಂಬ ವಿಮರ್ಶೆಗೆ. ಜೀವಮಾನವಿಡೀ ನಾಟಕ ಬರೆದವರಿಗೆ ವಿಮರ್ಶೆಗಾಗಿ ಪ್ರಶಸ್ತಿ! ಅಕಾಡೆಮಿಗಳಿಗೂ ನಾಟಕೀಯತೆ ಗೊತ್ತಿರುತ್ತದೆ.

ಅಗರಖೇಡ. ಭೀಮೆಯ ದಂಡೆಯ ಊರು. ಉಜನಿ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ಹೊಲಕ್ಕೆ ನುಗ್ಗುತ್ತದೆ, ಬಿಡದಿದ್ದರೆ ಬೇಸಿಗೆಯಲ್ಲಿ ಕಲ್ಲು ಕಾಣುತ್ತದೆ. ಮೇಲಿನವರ ಕೀಲಿಕೈಯಲ್ಲಿ ಕೆಳಗಿನವರ ಭಾಗ್ಯ. ನಾನು ಹೋದಾಗ ಮಡುಗಳಲ್ಲಷ್ಟೇ ನೀರಿತ್ತು. ಎಮ್ಮೆಗಳು ಕಣ್ಣು ಮುಚ್ಚಿ ಮಲಗಿದ್ದವು. ದಂಡೆಯ ಮಣ್ಣು ಇಟ್ಟಂಗಿಹಾಳದ ಎರೆಯಂತೆ ಬಿರಿಯದೆ ಪದರ ಪದರವಾಗಿ ಕೂತಿತ್ತು. ಒಂದು ಪದರವನ್ನು ಉಗುರಿನಿಂದ ಎಬ್ಬಿಸಿದೆ, ಕಾಗದದಷ್ಟು ತೆಳ್ಳಗೆ ಎದ್ದು ಬಂತು. ಅದರ ಕೆಳಗೆ ಇನ್ನೊಂದು, ಬಣ್ಣ ಸ್ವಲ್ಪ ಬೇರೆ. ಒಂದೊಂದೂ ಒಂದೊಂದು ಪ್ರವಾಹದ ಗುರುತು. ಅಲ್ಲಿಂದ ಊರ ಕಡೆ ತಿರುಗಿ ನೋಡಿದೆ. ಮತ್ತೆ ಅದೇ ಬಯಲು, ಅದೇ ಆಕಾಶ, ದೂರದಿಂದ ಬರುವ ಅದೇ ಚುಕ್ಕೆ.

ಊರು ಲೇಖಕನನ್ನು ಹಡೆಯಿತು ಅನ್ನುವ ಮಾತನ್ನು ನಾನು ಸುಲಭಕ್ಕೆ ನಂಬುವವನಲ್ಲ. ಈ ಬಯಲು ನೋಡಿ ಶ್ರೀರಂಗರು ರಂಗದಿಂದ ಪರದೆ ಕಿತ್ತರು ಅಂತ ಬರೆದರೆ ಅದು ಕವಿಸಮಯ. ಅವರಿಗೆ ಇಬ್ಸನ್, ಶಾ ಗೊತ್ತಿದ್ದರು, ಭರತನ ನಾಟ್ಯಶಾಸ್ತ್ರ ಕಂಠಸ್ಥವಾಗುವಷ್ಟು ಗೊತ್ತಿತ್ತು. ಸಂಸ್ಕೃತ ನಾಟಕದಲ್ಲಿ ಪಾತ್ರ ರಂಗಕ್ಕೆ ಒಂದು ಸುತ್ತು ಬಂದರೆ ಅಡವಿ ದಾಟಿ ಆಶ್ರಮ ಮುಟ್ಟಿದಂತೆ. ಅದಕ್ಕೆ ಪರದೆಯ ಹಂಗಿಲ್ಲ. ಈ ಸೀಮೆಯ ಬಯಲಾಟವಾದ ಶ್ರೀಕೃಷ್ಣ ಪಾರಿಜಾತದಲ್ಲೂ ಹಾಗೇ, ನಾಲ್ಕು ಹೆಜ್ಜೆಯಲ್ಲಿ ದ್ವಾರಕೆ ಬರುತ್ತದೆ, ಭಾಗವತ ನಡುವೆ ಬಾಯಿ ಹಾಕಿ ಕೃಷ್ಣನನ್ನೇ ಪೇಚಿಗೆ ಸಿಕ್ಕಿಸುತ್ತಾನೆ. ಪಂಡಿತರ ಪುಸ್ತಕದಲ್ಲೂ ಪಾಮರರ ಬಯಲಲ್ಲೂ ಒಂದೇ ಗುಟ್ಟಿತ್ತು. ನಡುವೆ ಬಂದ ಬಣ್ಣದ ಪರದೆ ನೂರು ವರ್ಷದ ಅತಿಥಿ. ಲಂಡನ್ನಿಗೆ ಹೋಗಿ ಬಂದವರು ಹೊಸದೆಂದು ಕೊಟ್ಟದ್ದು ಈ ಸೀಮೆಯ ಅಜ್ಜಂದಿರು ಹುಣ್ಣಿಮೆಯ ರಾತ್ರಿ ನೋಡುತ್ತಿದ್ದದ್ದೇ ಎಂದು ಹೊಳೆದಾಗ, ಹೊಳೆಯ ದಂಡೆಯಲ್ಲಿ ಒಬ್ಬನೇ ನಗುತ್ತ ನಿಂತೆ.

ಊರೊಳಗೆ ಕಟ್ಟೆಯ ಮೇಲೆ ಹಿರಿಯರೊಬ್ಬರು ಸಿಕ್ಕರು. ‘ಆದ್ಯರ ಮನಿತನ’ ಅಂದ ಕೂಡಲೆ ತಲೆಯಾಡಿಸಿದರು. ‘ದೊಡ್ಡ ಓದಿದ ಮಂದಿ ಅವರು. ನಮ್ಮ ಮುತ್ಯಾ ಹೇಳತಿದ್ದ.’ ನಾಟಕ ಬರೆದದ್ದು ಗೊತ್ತೇ? ‘ಬರದಾರಂತ. ನಮ್ಮ ಊರಾಗ ಆಡಿದ್ದು ನಾ ಕಾಣೆ.’ ನಾನು ರಾಯಚೂರಿನಲ್ಲಿ 1956ರಲ್ಲಿ ಅವರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದದ್ದು, ಬೆಂಗಳೂರಿನ ಆಕಾಶವಾಣಿಯಲ್ಲಿ ನಾಟಕ ವಿಭಾಗ ನೋಡಿಕೊಂಡದ್ದು ಹೇಳಿದೆ. ಅವರು ಕೇಳಿಸಿಕೊಂಡು, ‘ಅಷ್ಟೆಲ್ಲ ಆಗಿ ಊರಿಗಿ ಒಮ್ಮ್ಯಾರ ಬಂದು ಆಟ ಆಡಸಬೇಕಿತ್ತ ನೋಡ್ರಿ’ ಅಂದರು. ವಿಮರ್ಶಕರು ನೂರು ಪುಟದಲ್ಲಿ ಹೇಳಿದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿದರು.

ಕಟ್ಟೆಯ ಪಕ್ಕದ ಗೋಡೆಗೆ ಹಸಿರು ಕಾಗದದ ಹ್ಯಾಂಡ್‌ಬಿಲ್ ಅಂಟಿಸಿತ್ತು. ಅಕ್ಕಪಕ್ಕದ ಯಾವುದೋ ಜಾತ್ರೆಯಲ್ಲಿ ಸಾಮಾಜಿಕ ನಾಟಕ. ಊರಿನ ಹುಡುಗರ ಹೆಸರು, ಪಾತ್ರ, ಸಾಲುಸಾಲು ಫೋಟೊ. ಹೊರಗಿನಿಂದ ಬರುವ ನಟಿಯರ ಹೆಸರು ದಪ್ಪಕ್ಷರದಲ್ಲಿ. ಹಾರ್ಮೋನಿಯಂ, ತಬಲಾ, ಧ್ವನಿ, ಬೆಳಕು, ಮತ್ತು ಕೆಳಗೆ ಭವ್ಯ ರಂಗಸಜ್ಜಿಕೆಯ ಬಾಡಿಗೆಯವರ ಹೆಸರು. ಆ ನಾಟಕದಲ್ಲಿ ಖಳನ ಪಾರ್ಟು ಮಾಡುವ ಹುಡುಗ ಅಲ್ಲೇ ಮೊಬೈಲಿನಲ್ಲಿ ಮಾತು ಬಾಯಿಪಾಠ ಮಾಡುತ್ತಿದ್ದ. ಖರ್ಚು ಎಷ್ಟಾಗುತ್ತದೆ ಅಂತ ಕೇಳಿದೆ. ಹೆಚ್ಚಿನದು ನಟಿಯರಿಗೂ ಸೀನಿಗೂ ಹೋಗುತ್ತದೆ ಅಂದ. ಸೀನು ಇಲ್ಲದೆ ಆಡಿದರೆ?

‘ಸೀನ್ ಇಲ್ದ ನಾಟಕಕ್ಕ ಮಂದಿ ಬರ್ತಾರೇನ್ರಿ?’

ಬರುತ್ತಾರೆ ಅಂತ ಧೈರ್ಯವಾಗಿ ಹೇಳಲು ಬಾಯಿ ಬರಲಿಲ್ಲ. ಶ್ರೀರಂಗರ ಪ್ರೇಕ್ಷಕರು ಕೊನೆಯವರೆಗೂ ಪೇಟೆಯ ಓದಿದವರೇ. ಕೊನೆಯ ವರ್ಷಗಳಲ್ಲಿ ಅವರು ಮತ್ತೆ ಭರತನಿಗೇ ಮರಳಿದರು. 1984ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೆ ಅವರ ಇಂಗ್ಲಿಷ್ ನಾಟ್ಯಶಾಸ್ತ್ರ ಅಚ್ಚಾಯಿತು. ಉತ್ತರ ಹೇಳುವ ಬದಲು ಹುಡುಗನಿಗೆ ಬಾದಲ್ ಸರ್ಕಾರರ ನಾಟಕದ ಶುರುವಾತು ಹೇಳಿದೆ. ಒಬ್ಬ ಬರಹಗಾರ ಇದ್ದಾನೆ, ಬರೆಯಲಾಗುತ್ತಿಲ್ಲ, ನಾಟಕ ನೋಡಲು ಬಂದು ಕೂತ ನಾಲ್ವರನ್ನು ಮೇಲೆ ಕರೆಯುತ್ತಾನೆ, ಹೆಸರು ಕೇಳುತ್ತಾನೆ. ನಾಲ್ಕನೆಯವನು ಸುಳ್ಳು ಹೆಸರು ಹೇಳುತ್ತಾನೆ. ಹುಡುಗ ಮೊಬೈಲು ಕಿಸೆಗೆ ಹಾಕಿದ.

‘ಯಾಕ್ರಿ ಸುಳ್ಳ ಹೇಳ್ತಾನ? ಪೊಲೀಸ್ ಕೇಸ್ ಅದ ಏನ್ ಅವನ ಮ್ಯಾಲ?’

ಇಲ್ಲ, ಎಲ್ಲರಿಗಿಂತ ಬೇರೆ ಹೆಸರು ಇಟ್ಟುಕೊಂಡಿದ್ದೇನೆ ಅಂತ ಅಂಜಿಕೆ ಅವನಿಗೆ, ಅಂದೆ. ಹುಡುಗ ಒಂದು ಗಳಿಗೆ ಯೋಚಿಸಿ, ಅದು ಖಳನ ಪಾರ್ಟೋ ಹೀರೋನದೋ ಅಂತ ಕೇಳಿದ. ಎರಡೂ ಅಲ್ಲ ಅಂದಾಗ ಕಟ್ಟೆಯ ಹಿರಿಯರಿಗೆ ಸಿಟ್ಟೇ ಬಂತು. ‘ಹಂಗಾದ್ರ ಅದೆಂಥಾ ನಾಟಕ?’ ಅಲ್ಲಿಂದ ಶುರುವಾದ ಜಗಳ ಇಂಡಿಯ ಕೊನೆಯ ಬಸ್ಸಿನ ಹಾರ್ನ್ ಕೇಳುವವರೆಗೂ ನಡೆಯಿತು. ಹುಡುಗ ನಾಲ್ಕನೆಯವನ ಪರ, ಹಿರಿಯರು ವಿರೋಧ. ಮಧ್ಯೆ ಬಂದು ಸೇರಿದ ಇನ್ನಿಬ್ಬರು, ಇಡೀ ಕತೆ ಮೊದಲಿಂದ ಹೇಳ್ರಿ ಅಂತ ಪಟ್ಟು ಹಿಡಿದರು. ‘ಕೇಳು ಜನಮೇಜಯ’ದ ಪ್ರತಿಯನ್ನು ಹುಡುಗನ ಕೈಗೆ ಕೊಟ್ಟು ಬಸ್ಸು ಹತ್ತಿದೆ. ನಿಮ್ಮೂರವರದೇ ಅಂದೆ. ಅವನು ಮೊದಲು ನೋಡಿದ್ದು ಪಾತ್ರಗಳ ಪಟ್ಟಿ. ಹೆಣ್ಣು ಪಾತ್ರ ಎಷ್ಟಿವೆ ಎಂದು ಕಿಟಕಿಯ ಹೊರಗಿನಿಂದಲೇ ಎಣಿಸತೊಡಗಿದ್ದ.